ಶೋಧನೆಯನ್ನು ಪ್ರಶ್ನಿಸುವ ಹಕ್ಕು ಯಾರದು?

ಅಂಗಡಿ, ಗೋದಾಮು ಮತ್ತು ಲೆಕ್ಕಪತ್ರಗಳ ಖಾಸಗಿತನ: ಅಮೆರಿಕದ ಸಿದ್ಧಾಂತ ಮತ್ತು ನಮ್ಮ ಕಾನೂನು

ವ್ಯಾಪಾರಸ್ಥರೊಬ್ಬರ ಸರಕು ಮತ್ತು ಕಾಗದಪತ್ರಗಳೆಲ್ಲವೂ ಒಂದೇ ಸೂರಿನಡಿ ಇರುವುದು ಇಂದು ಅಪರೂಪ. ಮಾರಾಟದ ಸರಕು ಅಂಗಡಿಯಲ್ಲಿದ್ದರೆ ಉಳಿದ ದಾಸ್ತಾನು ಬಾಡಿಗೆಯ ಗೋದಾಮಿನಲ್ಲಿರುತ್ತದೆ. ಅರೆಸಿದ್ಧ ಬಿಡಿಭಾಗಗಳು ಲೇತ್ ಕೆಲಸಕ್ಕೋ ಪ್ಲೇಟಿಂಗ್‌ಗೋ ಮತ್ತೊಬ್ಬರ ಘಟಕಕ್ಕೆ ಹೋಗಿರುತ್ತವೆ. ಲೆಕ್ಕಪುಸ್ತಕಗಳು ಲೆಕ್ಕಪರಿಶೋಧಕರ ಕಚೇರಿಯಲ್ಲಿರುತ್ತವೆ, ಹಣಕಾಸಿನ ವಿವರಗಳು ಬ್ಯಾಂಕಿನಲ್ಲಿರುತ್ತವೆ. ಇವುಗಳಲ್ಲಿ ಯಾವುದಾದರೊಂದು ಸ್ಥಳದಲ್ಲಿ ಪೊಲೀಸರು ಶೋಧನೆ ನಡೆಸಿ ಸರಕನ್ನೋ ದಾಖಲೆಯನ್ನೋ ವಶಪಡಿಸಿಕೊಂಡರೆ, ಆ ಶೋಧನೆ ಕ್ರಮಬದ್ಧವಾಗಿರಲಿಲ್ಲವೆಂದು ಆಕ್ಷೇಪಿಸುವ ಹಕ್ಕು ಯಾರದು? ಸ್ಥಳದ ಮಾಲೀಕರದೇ, ಅಲ್ಲಿ ಕೆಲಸ ನಡೆಸುತ್ತಿದ್ದವರದೇ, ಅಥವಾ ಸರಕಿನ ಒಡೆಯರದೇ?

ಈ ಪ್ರಶ್ನೆಯನ್ನು ಅತ್ಯಂತ ವಿಸ್ತಾರವಾಗಿ ಚರ್ಚಿಸಿರುವುದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ. ನಮ್ಮ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪುಗಳನ್ನು ಪರಿಶೀಲಿಸಿ, ಕೆಲವನ್ನು ಒಪ್ಪಿ ಕೆಲವನ್ನು ತಿರಸ್ಕರಿಸಿದೆ. ಆದ್ದರಿಂದ ಮೊದಲು ಅಲ್ಲಿನ ಸಿದ್ಧಾಂತವನ್ನು ತಿಳಿದು, ಬಳಿಕ ನಮ್ಮ ಕಾನೂನಿನತ್ತ ಬರುವುದು ಉಚಿತ. ನಮ್ಮ ದೇಶದಲ್ಲಿ ವ್ಯಾಪಾರಸ್ಥರ ನಿಜವಾದ ರಕ್ಷಣೆ ಇರುವುದು ಶೋಧನೆ ಮುಗಿದ ಮೇಲಿನ ವಾದದಲ್ಲಿ ಅಲ್ಲ, ಶೋಧನೆಯ ವೇಳೆಯಲ್ಲೇ ಸಿದ್ಧವಾಗುವ ದಾಖಲೆಯಲ್ಲಿ ಎಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ.

ಸ್ಥಳಕ್ಕಲ್ಲ, ವ್ಯಕ್ತಿಗೆ ರಕ್ಷಣೆ

ಅಮೆರಿಕದ ಸಂವಿಧಾನದ ನಾಲ್ಕನೆಯ ತಿದ್ದುಪಡಿಯು ವ್ಯಕ್ತಿ, ಮನೆ, ಕಾಗದಪತ್ರ ಮತ್ತು ಸ್ವತ್ತುಗಳನ್ನು ಅಸಮಂಜಸ ಶೋಧನೆ ಹಾಗೂ ಜಪ್ತಿಯಿಂದ ರಕ್ಷಿಸುತ್ತದೆ. ಈ ರಕ್ಷಣೆಗೆ ಬಲ ಬಂದಿರುವುದು ಒಂದು ನಿಯಮದಿಂದ: ಅಕ್ರಮ ಶೋಧನೆಯಲ್ಲಿ ದೊರೆತ ಸಾಕ್ಷ್ಯವನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಕೇಂದ್ರೀಯ ನ್ಯಾಯಾಲಯಗಳಲ್ಲಿ 1914ರಿಂದಲೂ, ರಾಜ್ಯಗಳ ನ್ಯಾಯಾಲಯಗಳಲ್ಲಿ 1961ರ ಮ್ಯಾಪ್ ಪ್ರಕರಣದಿಂದಲೂ ಈ ನಿಯಮ ಜಾರಿಯಲ್ಲಿದೆ. ಕೆಲವು ಅಪವಾದಗಳಿದ್ದರೂ ಮೂಲ ನಿಯಮ ಉಳಿದುಕೊಂಡಿದೆ. ಶೋಧನೆ ಅಕ್ರಮವೆಂದು ಸಾಬೀತಾದರೆ ಇಡೀ ಮೊಕದ್ದಮೆಯೇ ಕುಸಿದು ಬೀಳಬಹುದು. ಹಾಗಾಗಿಯೇ ಪ್ರಶ್ನಿಸುವ ಹಕ್ಕು ಯಾರಿಗಿದೆ ಎಂಬುದು ಅಲ್ಲಿ ದೊಡ್ಡ ವಿವಾದದ ವಿಷಯವಾಯಿತು.

1967ರ ಕಾಟ್ಜ್ ಪ್ರಕರಣದಲ್ಲಿ ಸಾರ್ವಜನಿಕ ದೂರವಾಣಿ ಕಟ್ಟೆಯ ಹೊರಭಾಗಕ್ಕೆ ಉಪಕರಣ ಅಳವಡಿಸಿ ತನಿಖಾಧಿಕಾರಿಗಳು ಆರೋಪಿಯ ಮಾತನ್ನು ಆಲಿಸಿದ್ದರು. ಕಟ್ಟೆ ಆತನ ಸ್ವತ್ತಲ್ಲ, ಅಧಿಕಾರಿಗಳು ಒಳಗೆ ಕಾಲಿಟ್ಟಿರಲೂ ಇಲ್ಲ. ಆದರೂ ಸಂವಿಧಾನ ರಕ್ಷಿಸುವುದು ಸ್ಥಳವನ್ನಲ್ಲ, ಜನರನ್ನು ಎಂದು ನ್ಯಾಯಾಲಯ ಹೇಳಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಹಾರ್ಲನ್ ಅವರು ಎರಡು ಒರೆಗಲ್ಲುಗಳನ್ನು ಮುಂದಿಟ್ಟರು. ವ್ಯಕ್ತಿಗೆ ಖಾಸಗಿತನದ ನಿರೀಕ್ಷೆ ನಿಜವಾಗಿಯೂ ಇದ್ದಿರಬೇಕು. ಆ ನಿರೀಕ್ಷೆ ಸಮಂಜಸವೆಂದು ಸಮಾಜವೂ ಒಪ್ಪುವಂತಿರಬೇಕು.

1978ರ ರಾಕಸ್ ಪ್ರಕರಣವು ಇದರ ಇನ್ನೊಂದು ಮುಖವನ್ನು ತೋರಿಸಿತು. ಬಟ್ಟೆ ಅಂಗಡಿಯೊಂದರ ದರೋಡೆಯ ಬಳಿಕ ಪೊಲೀಸರು ಕಾರೊಂದನ್ನು ತಡೆದು ಶೋಧಿಸಿದಾಗ ಬಂದೂಕು ಮತ್ತು ಗುಂಡುಗಳು ಸಿಕ್ಕಿದವು. ಒಳಗಿದ್ದ ಪ್ರಯಾಣಿಕರು ಶೋಧನೆಯನ್ನು ಪ್ರಶ್ನಿಸಿದರು. ಆದರೆ ಕಾರು ತಮ್ಮದೆಂದಾಗಲಿ, ಸಿಕ್ಕ ವಸ್ತುಗಳು ತಮ್ಮವೆಂದಾಗಲಿ ಅವರು ಹೇಳಲಿಲ್ಲ. ಮತ್ತೊಬ್ಬರ ಹಕ್ಕಿಗೆ ಚ್ಯುತಿಯಾಯಿತೆಂಬ ಕಾರಣಕ್ಕೆ ತಾವು ಪರಿಹಾರ ಕೇಳುವಂತಿಲ್ಲ ಎಂದು ಬಹುಮತದ ತೀರ್ಪು ಸಾರಿತು. ಶೋಧನೆ ತಪ್ಪಾಗಿದ್ದರೆ ಮಾತ್ರ ಸಾಲದು. ಅದು ಪ್ರಶ್ನಿಸುವವರ ಸ್ವಂತ ಖಾಸಗಿತನಕ್ಕೆ ಧಕ್ಕೆ ತಂದಿರಬೇಕು ಎಂಬುದು ಅಲ್ಲಿನ ನಿಯಮ.

ವ್ಯವಹಾರದ ಸ್ಥಳಗಳ ಸ್ಥಿತಿ

ಈ ತತ್ವ ವ್ಯಾಪಾರದ ಸ್ಥಳಗಳಿಗೂ ಅನ್ವಯಿಸುತ್ತದೆ. 1967ರಲ್ಲಿ ಸಿಯಾಟಲ್ ನಗರದ ಗೋದಾಮಿನ ಮಾಲೀಕರೊಬ್ಬರು ವಾರಂಟ್ ಇಲ್ಲದೆ ಬಂದ ಅಗ್ನಿಶಾಮಕ ತಪಾಸಣಾಧಿಕಾರಿಗೆ ಬೀಗ ತೆರೆಯಲು ನಿರಾಕರಿಸಿ ಶಿಕ್ಷೆಗೊಳಗಾಗಿದ್ದರು. ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಗೊಳಿಸಿತು. 1978ರ ಬಾರ್ಲೋಸ್ ಪ್ರಕರಣದಲ್ಲಿ ಐಡಹೋ ರಾಜ್ಯದ ವಿದ್ಯುತ್ ಮತ್ತು ನಲ್ಲಿ ಜೋಡಣೆಯ ಸಣ್ಣ ಉದ್ದಿಮೆಯೊಂದು, ಕಾರ್ಮಿಕ ಸುರಕ್ಷತಾ ತಪಾಸಣೆಗೂ ಮಾಲೀಕರ ಒಪ್ಪಿಗೆ ಇಲ್ಲದಿದ್ದಲ್ಲಿ ವಾರಂಟ್ ಬೇಕೆಂಬ ತೀರ್ಪು ಪಡೆಯಿತು. ಆದರೆ ಮದ್ಯ, ಶಸ್ತ್ರಾಸ್ತ್ರ, ಗಣಿಗಾರಿಕೆಗಳಂತಹ ಬಿಗಿ ನಿಯಂತ್ರಣದ ಉದ್ಯಮಗಳಲ್ಲಿ ಖಾಸಗಿತನದ ನಿರೀಕ್ಷೆ ಕಡಿಮೆ. 1987ರ ಬರ್ಗರ್ ಪ್ರಕರಣದಲ್ಲಿ ಹಳೆಯ ವಾಹನಗಳನ್ನು ಬಿಚ್ಚಿ ಮಾರುವ ಗುಜರಿ ವ್ಯಾಪಾರವೂ ಈ ಪಟ್ಟಿಗೆ ಸೇರಿತು. ಮತ್ತೊಂದೆಡೆ 2015ರಲ್ಲಿ, ಹೋಟೆಲಿನ ಅತಿಥಿಗಳ ನೋಂದಣಿ ಪುಸ್ತಕವನ್ನು ಪೊಲೀಸರು ಕೇಳಿದೊಡನೆ ತೋರಿಸಬೇಕು, ತಪ್ಪಿದರೆ ಶಿಕ್ಷೆ ಎಂಬ ಲಾಸ್ ಏಂಜಲೀಸ್ ನಗರದ ನಿಯಮವನ್ನು ನ್ಯಾಯಾಲಯ ಅಸಿಂಧುಗೊಳಿಸಿತು.

ಮಾಲೀಕರಲ್ಲದವರ ಪಾಡೇನು? 1968ರ ಮಾನ್ಕೂಸಿ ಪ್ರಕರಣದಲ್ಲಿ ಕಾರ್ಮಿಕ ಸಂಘದ ಪದಾಧಿಕಾರಿಯೊಬ್ಬರು ಇತರರೊಂದಿಗೆ ಹಂಚಿಕೊಂಡಿದ್ದ ಕಚೇರಿಯಿಂದ ದಾಖಲೆಗಳನ್ನು ಒಯ್ಯಲಾಗಿತ್ತು. ಕಚೇರಿ ಅವರ ಸ್ವಂತದ್ದಲ್ಲದಿದ್ದರೂ ಪ್ರಶ್ನಿಸುವ ಹಕ್ಕು ಅವರಿಗಿದೆ ಎಂದು ನ್ಯಾಯಾಲಯ ಒಪ್ಪಿತು. 1998ರ ಕಾರ್ಟರ್ ಪ್ರಕರಣದಲ್ಲಾದರೋ, ಪರರ ಮನೆಗೆ ಕೆಲವು ಗಂಟೆಗಳ ಮಟ್ಟಿಗೆ ವ್ಯವಹಾರಕ್ಕಾಗಿ ಬಂದಿದ್ದವರಿಗೆ ಆ ಹಕ್ಕು ದೊರೆಯಲಿಲ್ಲ. 2018ರ ಬರ್ಡ್ ಪ್ರಕರಣದಲ್ಲಿ, ಬಾಡಿಗೆ ಕಾರಿನ ಕರಾರಿನಲ್ಲಿ ಹೆಸರಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಓಡಿಸುತ್ತಿದ್ದವರ ಹಕ್ಕು ಇಲ್ಲವಾಗದು ಎಂದು ಸರ್ವಾನುಮತದ ತೀರ್ಪು ಬಂತು.

ವ್ಯಾಪಾರಸ್ಥರು ಹೆಚ್ಚಾಗಿ ಗಮನಿಸಬೇಕಾದದ್ದು 1976ರ ಮಿಲ್ಲರ್ ಪ್ರಕರಣ. ಗ್ರಾಹಕರು ಬ್ಯಾಂಕಿಗೆ ತಾವಾಗಿಯೇ ಒಪ್ಪಿಸಿದ ಚೆಕ್ಕು, ಚಲನ್ ಮುಂತಾದವು ಬ್ಯಾಂಕಿನ ವ್ಯವಹಾರ ದಾಖಲೆಗಳೇ ಹೊರತು ಗ್ರಾಹಕರ ಖಾಸಗಿ ಕಾಗದಗಳಲ್ಲ. ಆದ್ದರಿಂದ ಅವುಗಳನ್ನು ಪಡೆದುಕೊಂಡ ಬಗೆಯನ್ನು ಗ್ರಾಹಕರು ಪ್ರಶ್ನಿಸುವಂತಿಲ್ಲ ಎಂದು ಆ ತೀರ್ಪು ಹೇಳಿತು. ವ್ಯಾಪಕ ಟೀಕೆಗೆ ಒಳಗಾದ ಈ ನಿಲುವನ್ನು ಸ್ವಲ್ಪಮಟ್ಟಿಗೆ ಸಡಿಲಿಸಲು ಅಮೆರಿಕದ ಸಂಸತ್ತು 1978ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತಂದಿತು. 2018ರ ಕಾರ್ಪೆಂಟರ್ ಪ್ರಕರಣದಲ್ಲಿ ಮೊಬೈಲ್ ಫೋನಿನ ನೆಲೆ ತೋರಿಸುವ ದಾಖಲೆಗಳಿಗೆ ಈ ನಿಲುವು ಅನ್ವಯಿಸದೆಂದು ನ್ಯಾಯಾಲಯವೇ ಗೆರೆ ಎಳೆಯಿತು.

ಭಾರತದ ದಾರಿ

ನಮ್ಮ ಸಂವಿಧಾನದಲ್ಲಿ ನಾಲ್ಕನೆಯ ತಿದ್ದುಪಡಿಗೆ ಸಮನಾದ ವಿಧಿ ಇಲ್ಲ. 1954ರ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಕಂಪನಿ ಸಮೂಹವೊಂದರ ಹಲವು ಸ್ಥಳಗಳ ಶೋಧನೆ ಪ್ರಶ್ನೆಗೊಳಗಾಗಿತ್ತು. ಶೋಧನೆಯ ಅಧಿಕಾರ ಸಮಾಜದ ರಕ್ಷಣೆಗಾಗಿ ಸರ್ಕಾರಕ್ಕಿರುವ ಅಗತ್ಯ ಅಧಿಕಾರವೆಂದೂ, ಅಮೆರಿಕದ ವಿಧಿಯನ್ನು ನಮ್ಮ ಸಂವಿಧಾನದೊಳಗೆ ಬಲವಂತವಾಗಿ ಓದಿಕೊಳ್ಳಲು ಕಾರಣವಿಲ್ಲವೆಂದೂ ಎಂಟು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು.

ಇದಕ್ಕಿಂತಲೂ ಹೆಚ್ಚಿನ ಪರಿಣಾಮ ಬೀರಿದ್ದು ಆದಾಯ ತೆರಿಗೆ ಶೋಧನೆಗೆ ಸಂಬಂಧಿಸಿದ ಪೂರಣ್ ಮಲ್ ಪ್ರಕರಣ. 1974ರ ಕಾನೂನು ವರದಿಗಳಲ್ಲಿ ಪ್ರಕಟವಾದ ಈ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ಶೋಧನೆ ಕಾನೂನಿಗೆ ವಿರುದ್ಧವಾಗಿದ್ದರೂ, ಸಂವಿಧಾನ ಅಥವಾ ಬೇರೆ ಕಾನೂನಿನ ಸ್ಪಷ್ಟ ನಿಷೇಧವಿಲ್ಲದಿದ್ದಲ್ಲಿ, ಅದರಲ್ಲಿ ದೊರೆತ ಸಾಕ್ಷ್ಯವನ್ನು ಕೈಬಿಡಬೇಕಾಗಿಲ್ಲ ಎಂದಿತು. ಆ ಸಾಕ್ಷ್ಯ ಪ್ರಕರಣಕ್ಕೆ ಸಂಬಂಧಪಟ್ಟದ್ದೇ ಎಂಬುದೇ ಮುಖ್ಯ ಒರೆಗಲ್ಲು. ಅಮೆರಿಕ ಮತ್ತು ಭಾರತಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಇಲ್ಲಿಯೇ. ಅಲ್ಲಿ ಪ್ರಶ್ನಿಸುವ ಹಕ್ಕು ಸಿದ್ಧಿಸಿದರೆ ಸಾಕ್ಷ್ಯವೇ ಹೋಗಬಹುದು. ಇಲ್ಲಿ ಶೋಧನೆಯ ಲೋಪ ಸಾಬೀತಾದರೂ ಸಾಕ್ಷ್ಯ ಸಾಮಾನ್ಯವಾಗಿ ಉಳಿಯುತ್ತದೆ. ಅದನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದಷ್ಟೇ ಚರ್ಚೆಗೆ ಬರುತ್ತದೆ.

ಹಾಗೆಂದು ಖಾಸಗಿತನಕ್ಕೆ ನಮ್ಮಲ್ಲಿ ಬೆಲೆಯಿಲ್ಲವೆಂದಲ್ಲ. ಮಂಗಳೂರಿನಲ್ಲಿ 1906ರಲ್ಲಿ ಜನ್ಮತಾಳಿದ ಕೆನರಾ ಬ್ಯಾಂಕ್ ಕಕ್ಷಿಯಾಗಿದ್ದ ಮೊಕದ್ದಮೆಯೊಂದು ಈ ದಿಸೆಯಲ್ಲಿ ಮಹತ್ವದ್ದು. ಆಂಧ್ರಪ್ರದೇಶವು ಮುದ್ರಾಂಕ ಕಾಯಿದೆಗೆ ತಂದಿದ್ದ ತಿದ್ದುಪಡಿಯೊಂದು, ಜಿಲ್ಲಾಧಿಕಾರಿ ಅಧಿಕಾರ ನೀಡಿದ ಯಾರೇ ಆದರೂ ಬ್ಯಾಂಕಿನಲ್ಲಿರುವ ಗ್ರಾಹಕರ ದಾಖಲೆಗಳನ್ನು ಪರಿಶೀಲಿಸಿ ವಶಪಡಿಸಿಕೊಳ್ಳಲು ಅವಕಾಶ ಕೊಟ್ಟಿತ್ತು. 2004ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ಅಸಿಂಧುಗೊಳಿಸಿತು. ಮಿಲ್ಲರ್ ತೀರ್ಪಿನ ನಿಲುವನ್ನು ಪರಿಶೀಲಿಸಿ ತಿರಸ್ಕರಿಸಿತು. ಖಾಸಗಿತನ ವ್ಯಕ್ತಿಗೆ ಸೇರಿದ್ದು, ಸ್ಥಳಕ್ಕಲ್ಲ. ದಾಖಲೆ ಬ್ಯಾಂಕಿನ ಕೈಗೆ ಹೋದ ಮಾತ್ರಕ್ಕೆ ಗ್ರಾಹಕರ ಗೋಪ್ಯತೆಯ ಹಕ್ಕು ಅಳಿಯದು ಎಂಬುದು ಅದರ ಸಾರ. ಕಾಗದಪತ್ರಗಳನ್ನು ಪರರ ವಶದಲ್ಲಿಟ್ಟು ವ್ಯವಹಾರ ನಡೆಸುವವರಿಗೆ ಇದು ಆಧಾರಪ್ರಾಯವಾದ ತೀರ್ಪು.

ಮುಂದೆ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಉತ್ತರ ನೀಡಿತು. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿ, ಖಾಸಗಿತನಕ್ಕೆ ಸಾಂವಿಧಾನಿಕ ರಕ್ಷಣೆ ಇಲ್ಲವೆಂಬ ಮಟ್ಟಿಗೆ ಎಂ.ಪಿ. ಶರ್ಮಾ ತೀರ್ಪನ್ನು ತಳ್ಳಿಹಾಕಿತು. ಈ ಹಕ್ಕನ್ನು ಮೊಟಕುಗೊಳಿಸುವ ಕ್ರಮಕ್ಕೆ ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ ಹಾಗೂ ಉದ್ದೇಶಕ್ಕೆ ತಕ್ಕ ಮಿತಿ ಇರಬೇಕೆಂಬುದು ಈ ತೀರ್ಪಿನಿಂದ ನೆಲೆಗೊಂಡ ತತ್ವ.

ಪೊಲೀಸರು ಬರುವ ಮೂರು ಮಾರ್ಗಗಳು

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ಜಾರಿಗೆ ಬಂದಿದೆ. ಇದರನ್ವಯ ಪೊಲೀಸರು ದಾಖಲೆ ಅಥವಾ ವಸ್ತುವನ್ನು ಪಡೆಯುವ ಮುಖ್ಯ ಮಾರ್ಗಗಳು ಮೂರು. ಮೊದಲನೆಯದು ಕಲಂ 94: ಠಾಣಾಧಿಕಾರಿ ಲಿಖಿತ ಆದೇಶದ ಮೂಲಕ ದಾಖಲೆ ಹಾಜರುಪಡಿಸಲು ಸೂಚಿಸುವುದು. ಇದು ಶೋಧನೆಯಲ್ಲ. ಎರಡನೆಯದು ಕಲಂ 96: ನ್ಯಾಯಾಲಯದಿಂದ ಪಡೆದ ಶೋಧನಾ ವಾರಂಟ್. ಮೂರನೆಯದು ಕಲಂ 185: ವಿಳಂಬವಾದರೆ ವಸ್ತು ಕೈತಪ್ಪುವ ಸಂದರ್ಭದಲ್ಲಿ ತನಿಖಾಧಿಕಾರಿ ವಾರಂಟ್ ಇಲ್ಲದೆಯೇ ನಡೆಸುವ ಶೋಧನೆ.

ಮೂರನೆಯ ಮಾರ್ಗಕ್ಕೆ ಕಾನೂನು ಕಟ್ಟುಪಾಡುಗಳನ್ನು ವಿಧಿಸಿದೆ. ಶೋಧನೆಗೆ ಕಾರಣವೇನು, ಹುಡುಕುತ್ತಿರುವ ವಸ್ತು ಯಾವುದು ಎಂಬುದನ್ನು ಅಧಿಕಾರಿ ಮುಂಚಿತವಾಗಿ ಬರವಣಿಗೆಯಲ್ಲಿ ದಾಖಲಿಸಬೇಕು. ಆ ದಾಖಲೆಯ ಪ್ರತಿಯನ್ನು ಕೂಡಲೇ, ಹೆಚ್ಚೆಂದರೆ 48 ಗಂಟೆಗಳೊಳಗೆ, ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಶೋಧನೆಗೊಳಗಾದ ಸ್ಥಳದ ಮಾಲೀಕರು ಅಥವಾ ಸ್ವಾಧೀನದಾರರು ಅರ್ಜಿ ಸಲ್ಲಿಸಿದರೆ ಮ್ಯಾಜಿಸ್ಟ್ರೇಟರು ಅದರ ಪ್ರತಿಯನ್ನು ಉಚಿತವಾಗಿ ಒದಗಿಸಬೇಕು.

ಶೋಧನೆ ನಡೆಯುವ ಬಗೆಗೆ ಕಲಂ 103 ನಿಯಮ ಹೇಳುತ್ತದೆ. ಸ್ಥಳೀಯರಾದ, ಸ್ವತಂತ್ರರೂ ಗೌರವಸ್ಥರೂ ಆದ ಕನಿಷ್ಠ ಇಬ್ಬರು ಪಂಚರ ಸಮಕ್ಷಮದಲ್ಲಿ ಶೋಧನೆ ನಡೆಯಬೇಕು. ಆ ಪ್ರದೇಶದವರು ಸಿಗದಿದ್ದರೆ ಅಥವಾ ಒಪ್ಪದಿದ್ದರೆ ಬೇರೆ ಪ್ರದೇಶದವರನ್ನು ಕರೆಯಬಹುದು. ವಶಪಡಿಸಿಕೊಂಡ ವಸ್ತುಗಳ ಹಾಗೂ ಅವು ದೊರೆತ ಜಾಗಗಳ ಪಟ್ಟಿ ತಯಾರಿಸಿ ಪಂಚರ ಸಹಿ ಪಡೆಯಬೇಕು. ಸ್ವಾಧೀನದಾರರು ಅಥವಾ ಅವರ ಪರವಾಗಿ ಒಬ್ಬರು ಪ್ರತಿಯೊಂದು ಸಂದರ್ಭದಲ್ಲೂ ಹಾಜರಿರಲು ಅವಕಾಶ ಕೊಡಬೇಕು. ಸಹಿಯಾದ ಪಟ್ಟಿಯ ಪ್ರತಿಯನ್ನು ಅವರಿಗೆ ನೀಡಬೇಕು. ಇದಕ್ಕೆ ಹೊಸ ಸಂಹಿತೆಯ ಕಲಂ 105 ಮತ್ತೊಂದು ಅಂಶವನ್ನು ಸೇರಿಸಿದೆ: ಪಟ್ಟಿ ತಯಾರಿಕೆ ಮತ್ತು ಸಹಿ ಸೇರಿದಂತೆ ಇಡೀ ಶೋಧನೆ-ಜಪ್ತಿಯನ್ನು ದೃಶ್ಯ-ಶ್ರವ್ಯ ಸಾಧನದಿಂದ, ಆದಷ್ಟೂ ಮೊಬೈಲ್ ಫೋನಿನಿಂದ, ಚಿತ್ರೀಕರಿಸಿ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು.

ಇಲ್ಲೊಂದು ಸೂಕ್ಷ್ಮ ಗಮನಾರ್ಹ. ಅಮೆರಿಕದಲ್ಲಿ ನ್ಯಾಯಾಲಯಗಳು ತೀರ್ಪಿನಿಂದ ತೀರ್ಪಿಗೆ ಬೆಳೆಸಿದ ಪ್ರಶ್ನಿಸುವ ಹಕ್ಕಿನ ಒಂದಂಶವನ್ನು ನಮ್ಮಲ್ಲಿ ಸಂಹಿತೆಯ ಪದಗಳೇ ಹಂಚಿಕೊಟ್ಟಿವೆ. ಹಾಜರಿರುವ ಹಾಗೂ ಪಟ್ಟಿ ಪಡೆಯುವ ಹಕ್ಕು ಸ್ಥಳದ ಸ್ವಾಧೀನದಾರರದು. ಶೋಧನೆಯ ಕಾರಣಗಳ ಪ್ರತಿ ಕೇಳುವ ಹಕ್ಕು ಸ್ಥಳದ ಮಾಲೀಕರು ಅಥವಾ ಸ್ವಾಧೀನದಾರರದು. ವಶಪಡಿಸಿಕೊಂಡ ಸರಕನ್ನು ಮರಳಿ ಕೇಳುವ ಹಕ್ಕಾದರೋ, ಕಲಂ 503ರನ್ವಯ, ಅದರ ಸ್ವಾಧೀನಕ್ಕೆ ಅರ್ಹರಾದವರದು. ಹೀಗಾಗಿ ಜಾಬ್‌ವರ್ಕ್ ಘಟಕದಲ್ಲಿ ಶೋಧನೆ ನಡೆದರೆ ಪಟ್ಟಿಯ ಪ್ರತಿ ಘಟಕದವರ ಕೈ ಸೇರುತ್ತದೆ. ಸರಕಿನ ಒಡೆಯರಾದ ತಾವು ನ್ಯಾಯಾಲಯಕ್ಕೆ ಹೋಗಬೇಕಾದರೆ ಆ ಸರಕು ತಮ್ಮದೆಂದು ದಾಖಲೆಯಿಂದ ತೋರಿಸಬೇಕಾಗುತ್ತದೆ. ಸರಕು ಕಳುಹಿಸಿದ ದಿನದ ಡೆಲಿವರಿ ಚಲನ್ ಆಗ ತೆರಿಗೆಯ ಕಾಗದ ಮಾತ್ರವಲ್ಲ, ಹಕ್ಕಿನ ಪುರಾವೆಯೂ ಹೌದು.

ಜಪ್ತಿಯಾದ ಸರಕು ಮತ್ತು ಮುಚ್ಚಿದ ಅಂಗಡಿ

ಸಣ್ಣ ಉದ್ಯಮಿಗಳಿಗೆ ಮೊಕದ್ದಮೆಗಿಂತ ಹೆಚ್ಚಿನ ನಷ್ಟ ತರುವುದು ಠಾಣೆಯ ಆವರಣದಲ್ಲಿ ಕೊಳೆಯುವ ಸರಕು. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ, ವಶಪಡಿಸಿಕೊಂಡ ವಸ್ತುಗಳನ್ನು ಹೆಚ್ಚೆಂದರೆ 15 ದಿನಗಳಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ಠಾಣೆಯಲ್ಲಿರಿಸಬಾರದೆಂದೂ, ಮಹಜರು, ಛಾಯಾಚಿತ್ರ ಮತ್ತು ಭದ್ರತೆ ಪಡೆದು ಅರ್ಹರಿಗೆ ಮರಳಿಸುವ ಆದೇಶವನ್ನು ಮ್ಯಾಜಿಸ್ಟ್ರೇಟರು ಶೀಘ್ರವಾಗಿ ಮಾಡಬೇಕೆಂದೂ ಸೂಚಿಸಿತು. ಈ ಸೂಚನೆ ಇದ್ದರೂ ಆದೇಶ ತಾನಾಗಿ ಬರುವುದಿಲ್ಲ, ಅರ್ಜಿ ಸಲ್ಲಿಸಬೇಕು.

ಅಂಗಡಿಗೇ ಬೀಗಮುದ್ರೆ ಹಾಕಿದರೆ? ಸಂಶಯಾಸ್ಪದ ಸ್ವತ್ತನ್ನು ವಶಪಡಿಸಿಕೊಳ್ಳಲು ಪೊಲೀಸರಿಗೆ ಹಿಂದಿನ ಸಂಹಿತೆಯ ಕಲಂ 102 ನೀಡಿದ್ದ ಅಧಿಕಾರ ಸ್ಥಿರಾಸ್ತಿಗೆ ಅನ್ವಯಿಸದೆಂದು 2019ರ ಸೆಪ್ಟೆಂಬರ್‌ನಲ್ಲಿ ನೆವಾಡಾ ಪ್ರಾಪರ್ಟೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಹೊಸ ಸಂಹಿತೆಯ ಕಲಂ 106 ಅದೇ ಅಧಿಕಾರವನ್ನು ಮುಂದುವರಿಸಿದೆ. ಬೇರೆ ಕಾಯಿದೆಗಳಲ್ಲಿ ಬೀಗಮುದ್ರೆಗೆ ಅವಕಾಶವಿರಬಹುದು. ಆದ್ದರಿಂದ ಯಾವ ಕಾಯಿದೆಯ ಯಾವ ಕಲಮಿನ ಅನ್ವಯ ಕ್ರಮ ಜರುಗಿಸಲಾಗುತ್ತಿದೆ ಎಂದು ವಿನಯದಿಂದ ವಿಚಾರಿಸಿ ಬರೆದಿಟ್ಟುಕೊಳ್ಳುವುದು ಅಗತ್ಯ.

ಸರಕು ಮತ್ತು ಸೇವಾ ತೆರಿಗೆಯ ಅಧಿಕಾರಿಗಳು ಕಲಂ 67ರನ್ವಯ ನಡೆಸುವ ಶೋಧನೆಗೂ ಸಂಹಿತೆಯ ಶೋಧನಾ ನಿಯಮಗಳು ಸಾಧ್ಯವಾದಷ್ಟರ ಮಟ್ಟಿಗೆ ಅನ್ವಯಿಸುತ್ತವೆ. ಆ ಶೋಧನೆಗೆ ಜಂಟಿ ಆಯುಕ್ತರ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ಅನುಮತಿ ಬೇಕು. ವಶಪಡಿಸಿಕೊಂಡ ದಾಖಲೆಗಳ ಪ್ರತಿ ಪಡೆಯುವ ಅವಕಾಶವೂ ಉಂಟು, ತನಿಖೆಗೆ ಬಾಧಕವೆಂದು ಅಧಿಕಾರಿ ಭಾವಿಸದಿದ್ದಲ್ಲಿ.

ಪಾಲಿಸಬೇಕಾದ ಕ್ರಮಗಳು

ಶೋಧನೆಗೆ ಅಡ್ಡಿಪಡಿಸಬಾರದು. ಬಾಗಿಲು ಮುಚ್ಚಿಕೊಳ್ಳುವುದು, ಕಡತ ಬಚ್ಚಿಡುವುದು, ಕಂಪ್ಯೂಟರಿನಲ್ಲಿರುವುದನ್ನು ಅಳಿಸುವುದು ಹೊಸ ಅಪರಾಧಗಳಿಗೆ ದಾರಿಯಾಗುತ್ತವೆಯೇ ಹೊರತು ಹಕ್ಕಿನ ರಕ್ಷಣೆಯಾಗುವುದಿಲ್ಲ. ವಾರಂಟ್ ಇದ್ದರೆ ಅದರಲ್ಲಿ ನಮೂದಾಗಿರುವ ವಿಳಾಸವನ್ನೂ ವಸ್ತುಗಳನ್ನೂ ಓದಿ ನೋಡಬೇಕು. ಇಲ್ಲದಿದ್ದರೆ ಅಧಿಕಾರಿಯ ಹೆಸರು, ಹುದ್ದೆ, ಠಾಣೆ ಮತ್ತು ಅಪರಾಧ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕು.

ಮಾಲೀಕರು ಊರಿನಲ್ಲಿಲ್ಲದಾಗ ಅವರ ಪರವಾಗಿ ಯಾರು ಹಾಜರಿರಬೇಕೆಂಬುದನ್ನು ಮೊದಲೇ ನಿರ್ಧರಿಸಿ, ಆ ಸಿಬ್ಬಂದಿಗೆ ಅಧಿಕಾರ ಪತ್ರ ನೀಡಿಡುವುದು ಒಳಿತು. ಮಹಜರನ್ನು ಪೂರ್ತಿ ಓದಿದ ಮೇಲೆಯೇ ಸಹಿ ಮಾಡಬೇಕು. ಬಾಕ್ಸ್‌ಗಳ ಸಂಖ್ಯೆಯಲ್ಲೋ ಸರಕಿನ ವಿವರದಲ್ಲೋ ವ್ಯತ್ಯಾಸ ಕಂಡರೆ ಸಹಿಯ ಜೊತೆಗೇ ಆಕ್ಷೇಪವನ್ನು ಬರೆಯಬೇಕು. ಬರೆಯಲು ಬಿಡದಿದ್ದರೆ ಅದೇ ದಿನ ಲಿಖಿತ ಮನವಿಯನ್ನು ಮೇಲಧಿಕಾರಿಗೆ ಕಳುಹಿಸಿ ಸ್ವೀಕೃತಿ ಪಡೆಯಬೇಕು. ಚಿತ್ರೀಕರಣ ನಡೆಯಿತೇ ಎಂಬುದನ್ನೂ ಅದರಲ್ಲಿ ನಮೂದಿಸಬೇಕು.

ನೆರೆಯ ಅಂಗಡಿಯವರನ್ನು ಪಂಚರಾಗಿ ಕರೆದಾಗ ಹಿಂಜರಿಯುವುದು ಸಾಮಾನ್ಯ. ಲಿಖಿತ ಆದೇಶದ ಮೂಲಕ ಕರೆದಾಗ ಸಕಾರಣವಿಲ್ಲದೆ ನಿರಾಕರಿಸುವುದು ಅಪರಾಧವೆಂಬುದು ತಿಳಿದಿರಲಿ. ವಿಶೇಷವಾಗಿ ಸಮನ್ಸ್ ಬಂದ ಹೊರತು ಪಂಚರು ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಕಂಡದ್ದಕ್ಕೆ ಸಹಿ ಮಾಡುವ, ಕಾಣದ್ದಕ್ಕೆ ಮಾಡದಿರುವ ಪಂಚರು ಪೊಲೀಸರಿಗೂ ವ್ಯಾಪಾರಸ್ಥರಿಗೂ ಸಮಾನವಾಗಿ ಉಪಕಾರಿಗಳು.

ಬಾಡಿಗೆ ಗೋದಾಮಿನ ಕರಾರು, ಜಾಬ್‌ವರ್ಕ್ ಚಲನ್, ಸಾಗಣೆ ರಸೀತಿ, ಲೆಕ್ಕಪರಿಶೋಧಕರಿಗೆ ಒಪ್ಪಿಸಿದ ಪುಸ್ತಕಗಳ ಸ್ವೀಕೃತಿ ಇವೆಲ್ಲದರ ಪ್ರತಿಗಳು ಮೂಲ ಸ್ಥಳದಲ್ಲಲ್ಲದೆ ಬೇರೊಂದು ಕಡೆಯೂ ಇರಬೇಕು. ಶೋಧನೆಯಲ್ಲಿ ಎಲ್ಲ ಕಾಗದಗಳೂ ಒಟ್ಟಿಗೆ ಹೋದರೆ ಯಾವುದು ತಮ್ಮದೆಂದು ಹೇಳಲೂ ಆಧಾರ ಉಳಿಯುವುದಿಲ್ಲ.

ಸಾಕ್ಷ್ಯವನ್ನು ಹೊರಗಿಡುವ ಅಮೆರಿಕದ ನಿಯಮ ನಮ್ಮಲ್ಲಿಲ್ಲದಿರುವಾಗ, ಶೋಧನೆಯಲ್ಲಾದ ಲೋಪವನ್ನು ವರ್ಷಗಳ ಬಳಿಕ ವಿಚಾರಣೆಯಲ್ಲಿ ಎತ್ತಿಹಿಡಿದು ಬಿಡುಗಡೆ ಪಡೆಯುವ ಭರವಸೆ ದುರ್ಬಲ. ಪಟ್ಟಿಯ ಪ್ರತಿ, ಆ ದಿನವೇ ಬರೆದ ಆಕ್ಷೇಪ, ಕಾರಣಗಳ ಪ್ರತಿಗಾಗಿ ಮತ್ತು ಸರಕಿನ ಬಿಡುಗಡೆಗಾಗಿ ತಡಮಾಡದೆ ಸಲ್ಲಿಸಿದ ಅರ್ಜಿಗಳು ಕೈಯಲ್ಲಿದ್ದರೆ ಉಚ್ಚ ನ್ಯಾಯಾಲಯದ ರಿಟ್ ಅಧಿಕಾರದ ಬಾಗಿಲು ತಟ್ಟಲೂ ಬಲವಾದ ಆಧಾರವಿರುತ್ತದೆ. ನಿರ್ದಿಷ್ಟ ಪ್ರಕರಣಗಳಲ್ಲಿ ಸದಸ್ಯರು ತಮ್ಮ ವಕೀಲರ ಸಲಹೆಯನ್ನು ಮೊದಲ ದಿನವೇ ಪಡೆಯುವುದು ಶ್ರೇಯಸ್ಕರ.